ಕಾರಿನ ಮೇಲಿನ ಕ್ಯಾರಿಯರ್ ಸದ್ದು: ಫೇರಿಂಗ್, ಏರೋ ಬಾರ್ ಅಥವಾ ಹಗ್ಗ?

ಕ್ಯಾರಿಯರಿನ ಅಡ್ಡಪಟ್ಟಿಗೆ ಗಾಳಿ ಬಡಿದಾಗ ಅದರ ಹಿಂಬದಿಯಲ್ಲಿ ಸುಳಿಗಳು ಒಂದಾದ ಮೇಲೊಂದು ಕಳಚಿಕೊಳ್ಳುತ್ತವೆ. ಆ ಲಯವೇ ಹೆದ್ದಾರಿಯ ವೇಗದಲ್ಲಿ ಗುಂಯ್‌ಗುಡುವ ಸದ್ದಾಗಿ ಒಳಗೆ ಕೇಳಿಸುತ್ತದೆ. ಚೌಕಾಕಾರದ ಪಟ್ಟಿಯಲ್ಲಿ ಈ ತೊಂದರೆ ಹೆಚ್ಚು.

ಚೌಕ ಪಟ್ಟಿ ಈಗಾಗಲೇ ಇರುವವರಿಗೆ ಫೇರಿಂಗ್ ಅಗ್ಗದ ದಾರಿ. ಮುಂದಿನ ಪಟ್ಟಿಗೆ ಓರೆಯಾಗಿ ಬಿಗಿಯುವ ಈ ಹಲಗೆ ಗಾಳಿಯನ್ನು ಮೇಲಕ್ಕೆ ತಿರುಗಿಸುತ್ತದೆ. ಆದರೆ ಅದರ ಕೆಳ ಅಂಚಿನ ರಬ್ಬರು ಛಾವಣಿಗೆ ಸರಿಯಾಗಿ ಕೂರದಿದ್ದರೆ ಹಳೆಯ ಸದ್ದಿನ ಜಾಗದಲ್ಲಿ ಹೊಸದೊಂದು ಶುರುವಾಗಬಹುದು.

ಹೊಸದಾಗಿ ಕೊಳ್ಳುವವರು ಬೆಲೆ ಹೆಚ್ಚಾದರೂ ವಿಮಾನದ ರೆಕ್ಕೆಯ ಆಕಾರದ ಏರೋ ಬಾರನ್ನೇ ಆರಿಸುವುದು ಒಳ್ಳೆಯದು, ಏಕೆಂದರೆ ಇಲ್ಲಿ ಸುಳಿಯ ಮೂಲವೇ ಕುಗ್ಗುತ್ತದೆ. ಅದರ ಮೇಲ್ಭಾಗದ ಉದ್ದನೆಯ ಸೀಳನ್ನು ಮುಚ್ಚುವ ರಬ್ಬರ್ ಪಟ್ಟಿಯನ್ನು ಮಾತ್ರ ಕ್ಲ್ಯಾಂಪಿನ ಎರಡೂ ಬದಿಗೆ ಅಳತೆಗೆ ಕತ್ತರಿಸಿ ಮತ್ತೆ ಕೂರಿಸಬೇಕು. ತೆರೆದು ಬಿಟ್ಟ ಸೀಳು ಕೊಳಲಿನಂತೆ ಸಿಳ್ಳೆ ಹಾಕುತ್ತದೆ.

ಪಟ್ಟಿಗೆ ಹಗ್ಗವನ್ನು ಸುರುಳಿಯಾಗಿ ಸುತ್ತುವ ಉಪಾಯವನ್ನು ನಗೆಯಾಡಬೇಕಿಲ್ಲ: ಕಾರ್ಖಾನೆಯ ಎತ್ತರದ ಚಿಮಣಿಗಳಿಗೆ ಸುರುಳಿ ಪಟ್ಟಿ ಕೂರಿಸುವುದೂ ಸುಳಿಗಳ ಲಯವನ್ನು ಮುರಿಯಲೆಂದೇ. ನೋಟಕ್ಕೆ ಅಂದವಿಲ್ಲ, ಸರಂಜಾಮು ಬಿಗಿಯಲು ಅಡ್ಡಿ.

ವರ್ಷಕ್ಕೊಮ್ಮೆ ಮಾತ್ರ ಸಾಮಾನು ಹೇರುವವರು ಇದ್ಯಾವುದಕ್ಕೂ ಹಣ ಹಾಕದೆ, ಉಳಿದ ದಿನ ಪಟ್ಟಿಗಳನ್ನು ಬಿಚ್ಚಿಡಲಿ, ಇಂಧನವೂ ಉಳಿಯುತ್ತದೆ.