ವೀಟ್‌ನ ರಿಯಾಕ್ಟ್ ಟೆಂಪ್ಲೇಟ್: ಶುರುವಿಗೆ ಸಲೀಸು, ಎನ್ವ್ ಫೈಲಿನಲ್ಲಿ ಎಚ್ಚರ

2025ರಲ್ಲಿ ವೆಬ್ ಆಪ್ ಕಟ್ಟುವ ಲೈಬ್ರರಿಯಾದ ರಿಯಾಕ್ಟ್‌ನ ತಂಡವೇ, ಹೊಸ ಪ್ರಾಜೆಕ್ಟ್ ಶುರುಮಾಡುವ ಹಳೆಯ ಸಾಧನ ಕ್ರಿಯೇಟ್ ರಿಯಾಕ್ಟ್ ಆಪ್ ಕೈಬಿಟ್ಟ ಮೇಲೆ, ಸಣ್ಣ ಪ್ರಾಜೆಕ್ಟಿಗೆ ವೀಟ್ (Vite) ಎಂಬ ಬಿಲ್ಡ್ ಸಾಧನದ ರಿಯಾಕ್ಟ್-ಟೈಪ್‌ಸ್ಕ್ರಿಪ್ಟ್ ಟೆಂಪ್ಲೇಟನ್ನು ಧೈರ್ಯವಾಗಿ ಆರಿಸಬಹುದು. ಟರ್ಮಿನಲ್ಲಿನಲ್ಲಿ 'ಎನ್‌ಪಿಎಂ ಕ್ರಿಯೇಟ್ ವೀಟ್', ಫೋಲ್ಡರಿನೊಳಗೆ 'ಎನ್‌ಪಿಎಂ ಇನ್‌ಸ್ಟಾಲ್', ಆಮೇಲೆ 'ಎನ್‌ಪಿಎಂ ರನ್ ಡೆವ್' ಕೊಟ್ಟರೆ 5173ನೇ ಪೋರ್ಟಿನಲ್ಲಿ ಆಪ್ ರೆಡಿ. ವೀಟ್ 7ಕ್ಕೆ ಕನಿಷ್ಠ ನೋಡ್ (ಬ್ರೌಸರಿನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶ) 20.19 ಬೇಕು, 22ರ ಸರಣಿಯಾದರೆ 22.12.

ಎಡವುವುದು ಸೆಟ್ಟಿಂಗುಗಳನ್ನಿಡುವ ಎನ್ವ್ (.env) ಫೈಲಿನಲ್ಲಿ. ಹೆಸರಿನ ಮೊದಲಿಗೆ ಇಂಗ್ಲಿಷ್ ದೊಡ್ಡಕ್ಷರದಲ್ಲಿ ವೀಟ್, ಅದಕ್ಕಂಟಿಕೊಂಡು ಅಂಡರ್‌ಸ್ಕೋರ್ (VITE_) ಇಲ್ಲದಿದ್ದರೆ ಆ ವೇರಿಯಬಲ್ ಬ್ರೌಸರಿನಲ್ಲಿ ಅನ್‌ಡಿಫೈನ್ಡ್. ಇದ್ದರೆ, ಕೋಡಿನಲ್ಲಿ ಬಳಸಿದ್ದೆಲ್ಲ ಬ್ರೌಸರಿಗೆ ಹೋಗುವ ಬಂಡಲ್ ಸೇರಿ ಯಾರ ಕಣ್ಣಿಗೂ ಬೀಳುತ್ತದೆ. ಡೇಟಾಬೇಸ್ ಪಾಸ್‌ವರ್ಡನ್ನು ದಯವಿಟ್ಟು ಅಲ್ಲಿಡಬೇಡಿ.

'ರನ್ ಡೆವ್' ಶುರುಮಾಡುವ ಡೆವ್ ಸರ್ವರ್ ಟೈಪ್‌ಸ್ಕ್ರಿಪ್ಟಿನ ಟೈಪ್ ತಪ್ಪುಗಳನ್ನು ಹಿಡಿಯುವುದಿಲ್ಲ. ಅವೆಲ್ಲ ಬಿಲ್ಡ್ ಹೊತ್ತಿಗೆ ಒಟ್ಟಿಗೇ ಮೇಲೆ ಬೀಳುತ್ತವೆ, ಹಾಗಾಗಿ ದಿನಕ್ಕೊಮ್ಮೆಯಾದರೂ ಬಿಲ್ಡ್ ಮಾಡಿ. ಗಿಟ್‌ಹಬ್ ಪೇಜಸ್‌ನ ಪ್ರಾಜೆಕ್ಟ್ ಸೈಟಿಗೆ ಹಾಕುವಾಗ ವೀಟ್ ಕಾನ್ಫಿಗ್ ಫೈಲಿನ 'ಬೇಸ್'ಗೆ ರೆಪೊ ಹೆಸರನ್ನು ಎರಡೂ ಬದಿ ಸ್ಲ್ಯಾಶ್ ಸಮೇತ ಕೊಡಿ; ಇಲ್ಲದಿದ್ದರೆ ಫೈಲುಗಳಿಗೆ 404 ಬಂದು ಖಾಲಿ ಬಿಳಿ ಪುಟವಷ್ಟೇ ಕಾಣುತ್ತದೆ.