ಯೂರೋ ನಡೆಯುವ ಕಡೆಯೆಲ್ಲ ನಿಮ್ಮ ವೀಸಾ ನಡೆಯುವುದಿಲ್ಲ: ಯುರೋಪಿನಲ್ಲಿ ಓದುತ್ತಾ ರಜೆಗೆ ಸುತ್ತಾಡಲು ಹೊರಟವರಿಗೆ ಎಚ್ಚರಿಕೆ

ಕಳೆದ ಕ್ರಿಸ್‌ಮಸ್ ರಜೆಯಲ್ಲಿ ಹಾಸನ, ಚಿಕ್ಕಮಗಳೂರು ಕಡೆಯ ನಾಲ್ವರು ವಿದ್ಯಾರ್ಥಿಗಳು ಬಾರ್ಸಿಲೋನಾ ವಿಮಾನ ನಿಲ್ದಾಣದಲ್ಲಿ ಡಬ್ಲಿನ್ ವಿಮಾನ ಹತ್ತಲಾಗದೆ ಉಳಿದುಬಿಟ್ಟರು. ನಾಲ್ವರೂ ಜರ್ಮನಿಯಲ್ಲಿ ಎಂ.ಎಸ್. ಓದುವವರು. ಟಿಕೆಟ್ ಇತ್ತು, ಪಾಸ್‌ಪೋರ್ಟ್ ಇತ್ತು, ಮೂವರ ಹತ್ತಿರ ಜರ್ಮನಿಯ ರೆಸಿಡೆನ್ಸ್ ಪರ್ಮಿಟ್ ಕಾರ್ಡ್, ಒಬ್ಬಳ ಪಾಸ್‌ಪೋರ್ಟಿನಲ್ಲಿ ಇನ್ನೂ ಮೊದಲ ಡಿ ವೀಸಾ, ಅಂದರೆ ದೀರ್ಘಾವಧಿ ವಾಸಕ್ಕೆ ಕೊಡುವ ವೀಸಾ. ಇಲ್ಲದಿದ್ದದ್ದು ಐರ್ಲೆಂಡ್ ವೀಸಾ. ಅದು ಬೇಕು ಅಂತಲೇ ನಾಲ್ವರಲ್ಲಿ ಯಾರಿಗೂ ಹೊಳೆದಿರಲಿಲ್ಲ. ಐರ್ಲೆಂಡ್ ಯುರೋಪಿಯನ್ ಒಕ್ಕೂಟದಲ್ಲಿದೆ, ಅಲ್ಲಿ ನಡೆಯುವುದು ಯೂರೋ, ಟಿಕೆಟ್ ಕೊಳ್ಳುವಾಗ ವೆಬ್‌ಸೈಟ್ ಏನೂ ಕೇಳಲಿಲ್ಲ.

ಡಬ್ಲಿನ್ ಟಿಕೆಟ್, ಅಲ್ಲಿಯ ಹಾಸ್ಟೆಲ್ ಹಣ, ಡಬ್ಲಿನ್‌ನಿಂದ ಜರ್ಮನಿಗೆ ವಾಪಸ್ ಟಿಕೆಟ್ ಮೂರೂ ಹೋದವು. ಹಬ್ಬದ ವಾರವಾದ್ದರಿಂದ ಬಾರ್ಸಿಲೋನಾದಿಂದ ನೇರ ವಿಮಾನದ ದರ ಕೈಗೆಟುಕುವಂತಿರಲಿಲ್ಲ. ಬಸ್ಸಿನಲ್ಲಿ ಒಂದು ಹಗಲು ಒಂದು ರಾತ್ರಿ ಕೂತು ಬರಬೇಕಾಯಿತು. ಡಿ ವೀಸಾ ಇದ್ದ ಹುಡುಗಿಯ ಪಾಡು ಇನ್ನೂ ಕಷ್ಟ, ಏಕೆಂದರೆ ಅವಳ ವೀಸಾ ಆ ವಾರದಲ್ಲೇ ಮುಗಿಯುವುದಿತ್ತು. ಇನ್ನೆರಡು ದಿನ ತಡವಾಗಿದ್ದರೆ ಗಡಿ ದಾಟಲು ಕೈಯಲ್ಲಿ ಕಾಗದವೇ ಇರುತ್ತಿರಲಿಲ್ಲ.

ಅವರಲ್ಲೊಬ್ಬರ ಮನೆಗೆ ಫೋನ್ ಬಂದಾಗ ಸಕಲೇಶಪುರದಲ್ಲಿ ರಾತ್ರಿ ಹನ್ನೊಂದು ದಾಟಿತ್ತು. ಡಿಸೆಂಬರ್ ಕೊನೆ ಅಂದರೆ ಕಾಫಿ ಕೊಯ್ಲಿನ ಕಾಲ. ತೋಟದ ಮನೆಯಲ್ಲಿರುವ ಕಾಸು ಆಳುಗಳ ವಾರದ ಬಟವಾಡೆಗೆ ಎತ್ತಿಟ್ಟದ್ದು. ಅದನ್ನು ಕೊಡಲು ಅಪ್ಪ ತಯಾರಿದ್ದರೂ ಆ ರಾತ್ರಿ ಅಲ್ಲಿಗೆ ತಲುಪಿಸುವ ದಾರಿ ಇಲ್ಲ. ಬ್ಯಾಂಕಿನಿಂದ ವಿದೇಶಕ್ಕೆ ಹೋಗುವ ಹಣ ಕೆಲಸದ ದಿನಗಳಲ್ಲಷ್ಟೇ ಸಾಗುತ್ತದೆ. ಯೂರೋ ವರ್ಗಾವಣೆಗೆ ಡಿಸೆಂಬರ್ 25, 26 ಎರಡೂ ರಜೆ. ವೀಸಾಕ್ಕಾಗಿ ವರ್ಷದ ಖರ್ಚು ಮೊದಲೇ ತೋರಿಸುವ ಬ್ಲಾಕ್ಡ್ ಅಕೌಂಟಿನಲ್ಲಿ 11,904 ಯೂರೋ ಇಟ್ಟಿದ್ದರೂ ತಿಂಗಳಿಗೆ ಬಿಡುಗಡೆ ಆಗುವುದು 992 ಮಾತ್ರ, ಕಷ್ಟ ಅಂತ ಮುಂದಿನ ತಿಂಗಳದ್ದು ಸಿಗುವುದಿಲ್ಲ. ಹಾಗಾಗಿ ಪ್ರವಾಸದ ಖರ್ಚು ಬಿಟ್ಟು ಕನಿಷ್ಠ 400 ಯೂರೋ ಅಲ್ಲಿಯ ಖಾತೆಯಲ್ಲೇ ಇಟ್ಟುಕೊಂಡು ಹೊರಡಿ. ಅಷ್ಟು ಇಲ್ಲದಿದ್ದರೆ ಹತ್ತಿರದ ಒಂದೇ ಊರಿಗೆ ಹೋಗಿ ಬನ್ನಿ.

ಈಗ ಮೂಲ ವಿಷಯ. ಶೆಂಗೆನ್ ಅಂದರೆ ಒಂದೇ ವೀಸಾ ನಿಯಮ ಒಪ್ಪಿಕೊಂಡ ಯುರೋಪಿನ ದೇಶಗಳ ಕೂಟ. ಜರ್ಮನಿ, ಫ್ರಾನ್ಸ್, ಇಟಲಿ ಹೀಗೆ ಶೆಂಗೆನ್ ದೇಶವೊಂದು ಕೊಟ್ಟ ರೆಸಿಡೆನ್ಸ್ ಪರ್ಮಿಟ್ ಅಥವಾ ಡಿ ವೀಸಾ ಇದ್ದರೆ, ಉಳಿದ ಶೆಂಗೆನ್ ದೇಶಗಳಲ್ಲಿ ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನದವರೆಗೆ ತಿರುಗಾಡಬಹುದು. ಜೊತೆಗೆ ಪಾಸ್‌ಪೋರ್ಟ್ ಕಡ್ಡಾಯ. ಶೆಂಗೆನ್ ಬೇರೆ, ಯುರೋಪಿಯನ್ ಒಕ್ಕೂಟ ಬೇರೆ, ಯೂರೋ ನಾಣ್ಯ ಬೇರೆ. ಈ ಮೂರರ ಪಟ್ಟಿ ಒಂದಕ್ಕೊಂದು ಹೊಂದುವುದಿಲ್ಲ. ಸ್ವಿಟ್ಜರ್ಲೆಂಡ್, ನಾರ್ವೆ, ಐಸ್‌ಲ್ಯಾಂಡ್ ಒಕ್ಕೂಟದಲ್ಲಿಲ್ಲ, ಆದರೆ ಶೆಂಗೆನ್‌ನಲ್ಲಿವೆ. ಐರ್ಲೆಂಡ್ ಒಕ್ಕೂಟದಲ್ಲಿದೆ, ಯೂರೋ ಇದೆ, ಶೆಂಗೆನ್‌ನಲ್ಲಿಲ್ಲ. ಸೈಪ್ರಸ್‌ಗೆ ಅದರದೇ ನಿಯಮ. ಬ್ರಿಟನ್‌ಗೆ ಯಾವ ಶೆಂಗೆನ್ ಕಾರ್ಡೂ ಆಗದು. ಕ್ರೊಯೇಷಿಯಾ 2023ರ ಜನವರಿಯಲ್ಲಿ ಶೆಂಗೆನ್ ಸೇರಿತು. ರೊಮೇನಿಯಾ, ಬಲ್ಗೇರಿಯಾ ಪೂರ್ತಿಯಾಗಿ ಸೇರಿದ್ದು 2025ರ ಜನವರಿ 1ಕ್ಕೆ. ಹಾಗಾಗಿ ಸೀನಿಯರ್‌ಗಳು ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಿದ ಹಳೇ ಪಟ್ಟಿ ನೋಡಿ ಟಿಕೆಟ್ ಕೊಳ್ಳಬೇಡಿ. ಹೋಗುವ ದೇಶದ ವಿದೇಶಾಂಗ ಅಥವಾ ವಲಸೆ ಇಲಾಖೆಯ ಪುಟದಲ್ಲಿ ಭಾರತೀಯ ಪಾಸ್‌ಪೋರ್ಟಿಗೆ ಏನು ಬರೆದಿದೆ ಎಂದು ಅದೇ ದಿನ ನೋಡಿ.

ವೆಬ್‌ಸೈಟ್ ಟಿಕೆಟ್ ಕೊಟ್ಟಿತು ಎಂದರೆ ಪ್ರಯಾಣಕ್ಕೆ ಒಪ್ಪಿಗೆ ಸಿಕ್ಕಿತು ಎಂದಲ್ಲ. ಕಾಗದ ನೋಡುವುದು ವಿಮಾನ ನಿಲ್ದಾಣದ ಕೌಂಟರಿನಲ್ಲಿ ಅಥವಾ ಗೇಟಿನಲ್ಲಿ. ಸರಿಯಾದ ವೀಸಾ ಇಲ್ಲದವರನ್ನು ಕರೆದೊಯ್ದರೆ ದಂಡ ಬೀಳುವುದು ವಿಮಾನ ಕಂಪನಿಗೆ, ಅದಕ್ಕೇ ಅವರು ಅಷ್ಟು ಬಿಗಿ. ಕಡಿಮೆ ದರದ ಕೆಲವು ಕಂಪನಿಗಳಲ್ಲಿ ಯುರೋಪಿನವರಲ್ಲದ ಪ್ರಯಾಣಿಕರು ಸೆಕ್ಯುರಿಟಿಗೆ ಹೋಗುವ ಮೊದಲೇ ಕೌಂಟರಿನಲ್ಲಿ ದಾಖಲೆ ತಪಾಸಣೆ ಮಾಡಿಸಿಕೊಳ್ಳಬೇಕು. ಆನ್‌ಲೈನ್ ಚೆಕ್-ಇನ್ ಆಗಿದೆ ಎಂದು ನೇರ ಗೇಟಿಗೆ ಹೋದವರನ್ನು, ಕಾಗದವೆಲ್ಲ ಸರಿ ಇದ್ದರೂ, ವಾಪಸ್ ಕಳಿಸಬಹುದು. ಅಷ್ಟರಲ್ಲಿ ಕೌಂಟರ್ ಮುಚ್ಚಿರುತ್ತದೆ. ಎರಡು ಗಂಟೆ ಮೊದಲೇ ತಲುಪಿ. ವಿಮಾನ ಹತ್ತಲು ಬಿಡದಿದ್ದರೆ 250ರಿಂದ 600 ಯೂರೋ ಪರಿಹಾರ ಕೊಡಬೇಕೆಂಬ 261/2004 ನಿಯಮ ಇದೆಯಲ್ಲ, ಅದು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ದಾಖಲೆ ಸರಿ ಇಲ್ಲದೆ ತಡೆದದ್ದು ಆ ನಿಯಮದ ಹೊರಗೆ. ಪರಿಹಾರ ಕೊಡಿಸುತ್ತೇವೆ ಎಂದು ಶುಲ್ಕ ಕೇಳುವವರಿಗೆ ಇಂಥ ಕೇಸಿನಲ್ಲಿ ಒಂದು ಯೂರೋ ಕೂಡ ಕೊಡಬೇಡಿ.

ಮೊದಲ ಸೆಮಿಸ್ಟರಿನವರು ಈ ಭಾಗವನ್ನು ಎರಡು ಸಲ ಓದಿ. ಜರ್ಮನಿಗೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಹೋಗುವವರ ಡಿ ವೀಸಾ ಎಷ್ಟೋ ಸಲ ಮೂರು ಅಥವಾ ಆರು ತಿಂಗಳಿಗಷ್ಟೇ ಇರುತ್ತದೆ. ಅಷ್ಟರೊಳಗೆ ಅಲ್ಲಿಯ ವಿದೇಶಿಯರ ಕಚೇರಿಯಲ್ಲಿ ಕಾರ್ಡಿಗೆ ಅರ್ಜಿ ಹಾಕಬೇಕು, ಆದರೆ ಅಪಾಯಿಂಟ್‌ಮೆಂಟ್ ಸಿಗುವುದೇ ತಡ. ಅರ್ಜಿ ತಲುಪಿದೆ ಎಂಬ ಇಮೇಲ್ ಅನ್ನು ಪ್ರಿಂಟ್ ತೆಗೆದುಕೊಂಡು ಪ್ಯಾರಿಸ್‌ಗೆ ಹೋಗುವವರಿದ್ದಾರೆ. ಆ ಇಮೇಲ್ ಗಡಿಯಲ್ಲಿ ನಡೆಯುವುದಿಲ್ಲ. ವೀಸಾ ಮುಗಿಯುವ ಮೊದಲೇ ಅರ್ಜಿ ಹಾಕಿದ್ದರೆ ಕಚೇರಿಯಿಂದ ಫಿಕ್ಸಿಯೊನ್ಸ್‌ಬೆಶೈನಿಗುಂಗ್ ಎಂಬ ತಾತ್ಕಾಲಿಕ ಪತ್ರ ಕೇಳಿ ಪಡೆಯಬಹುದು. ಕೈಗೆ ಬಂದ ಕೂಡಲೇ ಅದರ ಮೂರನೇ ಪುಟ ತೆರೆದು ನೋಡಿ. ಅಲ್ಲಿ ಮೂರು ಚೌಕಗಳಿವೆ. ಮೂರನೆಯದಕ್ಕೆ ಗುರುತು ಹಾಕಿದ್ದರೆ, ಅಂದರೆ ಜರ್ಮನಿಯ ವಾಸ ಕಾನೂನಿನ ಕಲಂ 81ರ 4ನೇ ಉಪಕಲಂ ಆಗಿದ್ದರೆ, ಹಳೆಯ ಪರವಾನಗಿ ಮುಂದುವರಿದಂತೆ ಲೆಕ್ಕ. ಮುಗಿದ ವೀಸಾ ಇರುವ ಪಾಸ್‌ಪೋರ್ಟ್ ಜೊತೆಗಿಟ್ಟುಕೊಂಡು ಜರ್ಮನಿಗೆ ಮರಳಬಹುದು. ಮೊದಲ ಅಥವಾ ಎರಡನೇ ಚೌಕಕ್ಕೆ ಗುರುತಿದ್ದರೆ ದೇಶ ಬಿಟ್ಟು ಹೊರಡಬೇಡಿ. ಮೂರನೆಯದೇ ಆಗಿದ್ದರೂ ಬೇರೆ ದೇಶದ ವಿಮಾನ ಸಿಬ್ಬಂದಿ ಈ ಹಸಿರು ಕಾಗದವನ್ನು ಗುರುತಿಸದೆ ತಡೆಯುವ ಅಪಾಯ ಇದ್ದೇ ಇದೆ. ಕಾರ್ಡ್ ಬರುವವರೆಗೆ ಜರ್ಮನಿಯೊಳಗೇ ಸುತ್ತಿ ಎಂಬುದು ನಮ್ಮ ಖಚಿತ ಸಲಹೆ. ಬರ್ಲಿನ್, ಡ್ರೆಸ್ಡೆನ್, ಹ್ಯಾಂಬರ್ಗ್, ಬವೇರಿಯಾದ ಬೆಟ್ಟಗಳು, ಒಂದು ಚಳಿಗಾಲಕ್ಕೆ ಧಾರಾಳ ಸಾಕು.

ಬ್ರಿಟನ್ ಅಥವಾ ಐರ್ಲೆಂಡಿನಲ್ಲಿ ಓದುವವರಿಗೆ ಇದೇ ತೊಡಕು ತಿರುಗಿ ಬರುತ್ತದೆ. ಅಲ್ಲಿಯ ವಿದ್ಯಾರ್ಥಿ ವೀಸಾದಿಂದ ಶೆಂಗೆನ್ ದೇಶಗಳಿಗೆ ಹೋಗಲು ಬರುವುದಿಲ್ಲ. ಪ್ರತ್ಯೇಕ ವೀಸಾ ಬೇಕು. ಶುಲ್ಕ 2024ರ ಜೂನ್‌ನಿಂದ 90 ಯೂರೋ, ವೀಸಾ ಸೆಂಟರಿನ ಸೇವಾ ಶುಲ್ಕ ಬೇರೆ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಹೊರಡಲು ಹದಿನೈದು ದಿನಕ್ಕಿಂತ ಕಡಿಮೆ ಉಳಿದಿದ್ದರೆ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಕನಿಷ್ಠ 30,000 ಯೂರೋ ರಕ್ಷಣೆಯ ಪ್ರಯಾಣ ವಿಮೆ ಬೇಕು. ಹೆಚ್ಚು ದಿನ ಇರುವ ದೇಶಕ್ಕೇ ಅರ್ಜಿ. ದಿನಗಳು ಸಮ ಆದರೆ ಮೊದಲು ಕಾಲಿಡುವ ದೇಶಕ್ಕೆ. ಸ್ಲಾಟ್ ಬೇಗ ಸಿಗುತ್ತದೆ ಎಂದು ಇನ್ನೊಂದು ದೇಶಕ್ಕೆ ಹಾಕುವುದು ತಿರಸ್ಕಾರಕ್ಕೆ ನೀವೇ ದಾರಿ ಮಾಡಿಕೊಟ್ಟಂತೆ. ವೀಸಾ ಕೈಗೆ ಬಂದಾಗ ಎಂಟ್ರಿ ಎಂಬ ಜಾಗದಲ್ಲಿ 01 (ಒಂದೇ ಸಲ) ಇದೆಯೋ ಮಲ್ಟ್ (ಹಲವು ಸಲ) ಎಂದಿದೆಯೋ ನೋಡಿ. 01 ಇದ್ದರೆ ಶೆಂಗೆನ್‌ನಿಂದ ಒಮ್ಮೆ ಹೊರಬಿದ್ದಾಗ ವೀಸಾ ಮುಗಿದಂತೆ, ದಿನ ಎಷ್ಟು ಉಳಿದಿದ್ದರೂ ಅಷ್ಟೇ. ಕ್ರೊಯೇಷಿಯಾದ ಸ್ಪ್ಲಿಟ್‌ನಿಂದ ಡುಬ್ರೊವ್ನಿಕ್‌ಗೆ ರಸ್ತೆಯಲ್ಲಿ ಹೋಗುವಾಗ ನಡುವೆ ಶೆಂಗೆನ್ ಹೊರಗಿನ ಬೋಸ್ನಿಯಾದ ನೆಯುಮ್ ಎಂಬ ತುಣುಕು ಸಿಗುತ್ತದೆ. 2022ರಲ್ಲಿ ಪೆಲ್ಯೆಶಾಟ್ಸ್ ಸೇತುವೆ ತೆರೆದ ಮೇಲೆ ಅದನ್ನು ತಪ್ಪಿಸಿ ಹೋಗಬಹುದು. ನಿಮ್ಮ ಬಸ್ಸು ಯಾವ ದಾರಿ ಹಿಡಿಯುತ್ತದೆ ಎಂದು ಟಿಕೆಟ್ ಕೊಳ್ಳುವ ಮೊದಲು ಕೇಳಿ.

ಮೊದಲೆಲ್ಲ ಎಷ್ಟು ದಿನ ಉಳಿದಿರಿ ಎಂದು ಪಾಸ್‌ಪೋರ್ಟಿನ ಮುದ್ರೆ ನೋಡಿ ಎಣಿಸುವಾಗ ಒಂದೆರಡು ದಿನ ಕಣ್ತಪ್ಪಿ ಹೋಗುತ್ತಿತ್ತು. 2025ರ ಅಕ್ಟೋಬರ್ 12ರಿಂದ ಬೆರಳಚ್ಚು, ಮುಖಚಿತ್ರ ಪಡೆದು ಕಂಪ್ಯೂಟರಿನಲ್ಲಿ ದಾಖಲಿಸುವ ಹೊಸ ವ್ಯವಸ್ಥೆ ಶುರುವಾಗಿದೆ. ಅಲ್ಪಾವಧಿ ವೀಸಾದವರು ಒಂದು ದಿನ ಹೆಚ್ಚು ಉಳಿದರೂ ತಾನಾಗೇ ಕಾಣುತ್ತದೆ. ಶೆಂಗೆನ್ ರೆಸಿಡೆನ್ಸ್ ಪರ್ಮಿಟ್ ಇರುವವರು ಈ ದಾಖಲಾತಿಗೆ ಒಳಪಡುವುದಿಲ್ಲ. ಹೊರಗಿನಿಂದ ಬಂದು ಇಳಿದಾಗ ಪಾಸ್‌ಪೋರ್ಟ್ ಜೊತೆಗೇ ಕಾರ್ಡ್ ಕೂಡ ಮುಂದಿಡಿ. ಇಟಿಯಾಸ್ ಅನುಮತಿ ಮಾಡಿಸಿಕೊಡುತ್ತೇವೆ ಎಂದು ಹಣ ಕೇಳುವ ವೆಬ್‌ಸೈಟುಗಳೂ ಹುಟ್ಟಿಕೊಂಡಿವೆ. ಅದು ವೀಸಾ ಬೇಡದ ದೇಶಗಳ ಪ್ರಜೆಗಳಿಗೆ. ಭಾರತೀಯರಿಗೆ ವೀಸಾನೇ ಬೇಕು, ಇಟಿಯಾಸ್ ಅಲ್ಲ.

ಶೆಂಗೆನ್ ಒಳಗೆ ಗಡಿ ತಪಾಸಣೆ ಇಲ್ಲ ಎಂಬುದನ್ನೂ ನಂಬಿ ಕೂರಬೇಡಿ. 2024ರ ಸೆಪ್ಟೆಂಬರ್ 16ರಿಂದ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲೂ ತಪಾಸಣೆ ಮಾಡುತ್ತಿದೆ. ಬೆಳಗಿನ ಜಾವ ಮೂರಕ್ಕೆ ಬಸ್ ನಿಲ್ಲಿಸಿ ಪೊಲೀಸರು ಒಳಗೆ ಬಂದಾಗ ಫೋನಿನಲ್ಲಿರುವ ಪಾಸ್‌ಪೋರ್ಟ್ ಫೋಟೋ ಲೆಕ್ಕಕ್ಕೆ ಬರುವುದಿಲ್ಲ.

ಸ್ವಿಟ್ಜರ್ಲೆಂಡಿಗೆ ನಮ್ಮ ಮಕ್ಕಳೆಲ್ಲ ಹೋಗುತ್ತಾರೆ, ಹೋಗಲಿ. ಅಲ್ಲಿ ಹೊಡೆತ ಬೀಳುವುದು ಎರಡು ಕಡೆ. ಒಂದು, ಫೋನು. ಯುರೋಪಿಯನ್ ಒಕ್ಕೂಟದ ಉಚಿತ ರೋಮಿಂಗ್ ನಿಯಮ ಸ್ವಿಟ್ಜರ್ಲೆಂಡಿಗೆ ಇಲ್ಲ. ರೈಲು ಬಾಸೆಲ್ ಹತ್ತಿರ ಬರುವಾಗಲೇ ಡೇಟಾ ರೋಮಿಂಗ್ ಆಫ್ ಮಾಡಿ, ಅಥವಾ ನಿಮ್ಮ ಪ್ಲಾನಿನಲ್ಲಿ ಆ ದೇಶದ ಹೆಸರು ಇದೆಯೇ ನೋಡಿ. ಎರಡನೆಯದು ಗಂಭೀರ. ಜರ್ಮನಿಯ ಸರ್ಕಾರಿ ಆರೋಗ್ಯ ವಿಮೆ ಕಾರ್ಡಿನ ಹಿಂಬದಿಯಲ್ಲಿ ಯುರೋಪಿಯನ್ ಆರೋಗ್ಯ ಕಾರ್ಡ್ ಇರುತ್ತದೆ. ಒಕ್ಕೂಟದ ಪ್ರಜೆಗಳಲ್ಲದವರಿಗೆ ಅದು ಸ್ವಿಟ್ಜರ್ಲೆಂಡ್, ಡೆನ್ಮಾರ್ಕ್, ನಾರ್ವೆ, ಐಸ್‌ಲ್ಯಾಂಡ್, ಲಿಕ್ಟೆನ್‌ಸ್ಟೈನ್‌ನಲ್ಲಿ ನಡೆಯುವುದಿಲ್ಲ. ಜೊತೆಯಲ್ಲಿರುವ ಜರ್ಮನ್ ಸ್ನೇಹಿತನಿಗೆ ನಡೆಯುತ್ತದೆ, ನಿಮಗಿಲ್ಲ. ಹಿಮದಲ್ಲಿ ಜಾರಿ ಕಾಲು ಮುರಿದರೆ ಆಸ್ಪತ್ರೆಯ ಬಿಲ್ ನಿಮ್ಮದೇ. ಬೆಟ್ಟದಿಂದ ಹೆಲಿಕಾಪ್ಟರಿನಲ್ಲಿ ಇಳಿಸುವ ಖರ್ಚಿಗೆ ಯಾವ ದೇಶದಲ್ಲೂ ಆ ಕಾರ್ಡನ್ನು ನಂಬಿ ಕೂರಬೇಡಿ. ಹೊರಡುವ ಮೊದಲು ಬೇರೆ ಪ್ರಯಾಣ ಆರೋಗ್ಯ ವಿಮೆ ಕೊಳ್ಳಿ, ಪಾಲಿಸಿಯಲ್ಲಿ ಬೆಟ್ಟದ ರಕ್ಷಣೆ ಮತ್ತು ಸ್ಕೀಯಿಂಗ್ ಸೇರಿದೆಯೇ ಓದಿ.

ಅಗ್ಗದ ವಿಮಾನ ಇಳಿಯುವ ಜಾಗದ ಹೆಸರಿನಲ್ಲಿ ದೊಡ್ಡ ಊರಿನ ಹೆಸರಿದ್ದರೆ ಅನುಮಾನಪಡಿ. ಫ್ರಾಂಕ್‌ಫರ್ಟ್ ಹಾನ್ ಇರುವುದು ಫ್ರಾಂಕ್‌ಫರ್ಟ್‌ನಿಂದ ಸುಮಾರು 120 ಕಿ.ಮೀ. ದೂರದಲ್ಲಿ, ಹಾಸನದಿಂದ ಮೈಸೂರಿಗೆ ಹೋದಷ್ಟು. ಪ್ಯಾರಿಸ್ ಬೋವೆ ಸುಮಾರು 85 ಕಿ.ಮೀ. ಬೆಳಿಗ್ಗೆ ಆರರ ವಿಮಾನಕ್ಕೆ ಅಲ್ಲಿಗೆ ಹೋಗುವ ಬಸ್ ಇದೆಯೇ, ಅದರ ದರ ಎಷ್ಟು ಎಂದು ಸೇರಿಸಿ ಲೆಕ್ಕ ಹಾಕಿ.

ರೈಲಿನಲ್ಲಿ: ಡಾಯ್ಚ್‌ಲಾಂಡ್ ಟಿಕೆಟ್, 2026ರ ಜನವರಿಯಿಂದ ತಿಂಗಳಿಗೆ 63 ಯೂರೋ, ಪ್ರಾದೇಶಿಕ ರೈಲುಗಳಿಗೆ ಮಾತ್ರ. ಐಸಿಇ, ಐಸಿ, ಇಸಿ ಎಂಬ ದೂರದ ರೈಲುಗಳನ್ನು ಹತ್ತುವಂತಿಲ್ಲ. ಸಿಟಿ ರೈಲು, ಪ್ರಾದೇಶಿಕ ರೈಲುಗಳಲ್ಲಿ ಸರಿಯಾದ ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ ದಂಡ 60 ಯೂರೋ. ಈ ತಿಂಗಳ ಟಿಕೆಟನ್ನು ರಜೆಯ ಒಂದು ತಿಂಗಳಿಗೆಂದು ಕೊಂಡವರು ಆ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳದ್ದೂ ಕಡಿತವಾಗುತ್ತದೆ. ಹಲವು ದೇಶಗಳ ರೈಲಿಗೆ ಆಗುವ ಇಂಟರ್‌ರೈಲ್ ಪಾಸ್ ಇದ್ದರೂ ಫ್ರಾನ್ಸಿನ ಟಿಜಿವಿ, ಸ್ಪೇನಿನ ಎವಿಇ, ಇಟಲಿಯ ವೇಗದ ರೈಲುಗಳಿಗೆ ಸೀಟ್ ರಿಸರ್ವೇಷನ್‌ಗೆ ಬೇರೆ ಹಣ. ಹಬ್ಬದ ಸಮಯದಲ್ಲಿ ಪಾಸಿನವರ ಸೀಟು ಬೇಗ ಮುಗಿಯುತ್ತವೆ. ಇಟಲಿಯ ಪ್ರಾದೇಶಿಕ ರೈಲಿನ ಕಾಗದದ ಟಿಕೆಟನ್ನು ಪ್ಲಾಟ್‌ಫಾರಂನ ಯಂತ್ರದಲ್ಲಿ ತೂರಿಸಿ ಮುದ್ರೆ ಹಾಕಿಸದೆ ಹತ್ತಿದರೆ, ಹಣ ಕೊಟ್ಟು ಕೊಂಡ ಟಿಕೆಟ್ ಇದ್ದೂ ದಂಡ.

ಪ್ರಾಗ್, ಬುಡಾಪೆಸ್ಟ್‌ನಲ್ಲಿ ಯೂರೋ ಇಲ್ಲ. ಎಟಿಎಂ ಪರದೆಯಲ್ಲಿ ಯೂರೋದಲ್ಲಿ ಕಡಿತ ಮಾಡಲೇ ಎಂದು ಕೇಳಿದರೆ ಬೇಡ ಎನ್ನಿ, ಸ್ಥಳೀಯ ಹಣವನ್ನೇ ಆರಿಸಿ. ಇಲ್ಲದಿದ್ದರೆ ಆ ಯಂತ್ರದ ಮಾಲೀಕ ಹೇಳಿದ್ದೇ ದರ. ಪ್ರಾಗ್ ಬೀದಿಯಲ್ಲಿ ಒಳ್ಳೇ ದರಕ್ಕೆ ಬದಲಿಸಿ ಕೊಡುತ್ತೇನೆ ಎಂದು ಹತ್ತಿರ ಬರುವವರು ಬೇರೆ ದೇಶದ ಬೆಲೆಯಿಲ್ಲದ ನೋಟು ಕೈಗಿಟ್ಟು ಹೋಗುತ್ತಾರೆ. ಅಧಿಕೃತ ಅಂಗಡಿಯಲ್ಲಿ ಮೋಸದ ದರ ಎನಿಸಿದರೆ ಮೂರು ಗಂಟೆಯೊಳಗೆ ರಸೀದಿ ಹಿಡಿದು ಹೋಗಿ, 1,000 ಯೂರೋವರೆಗಿನ ವಿನಿಮಯವನ್ನು ರದ್ದು ಮಾಡಿಸುವ ಹಕ್ಕು ಜೆಕ್ ಕಾನೂನಿನಲ್ಲಿದೆ.

ಕೊನೆಯದಾಗಿ ಪಾಸ್‌ಪೋರ್ಟ್ ಕಳ್ಳತನ. ಬಾರ್ಸಿಲೋನಾದಲ್ಲಿ ನಡೆಯುವ ಬಗೆ ಹೀಗೆ: ನಿಮ್ಮ ಬೆನ್ನಿನ ಮೇಲೆ ಹಕ್ಕಿ ಹಿಕ್ಕೆಯಂಥದ್ದು ಏನೋ ಬೀಳುತ್ತದೆ, ಪಕ್ಕದಲ್ಲಿದ್ದವರು ಟಿಶ್ಯೂ ಹಿಡಿದು ಒರೆಸಲು ಬರುತ್ತಾರೆ, ನೀವು ಬ್ಯಾಗ್ ಕೆಳಗಿಡುತ್ತೀರಿ. ಅಷ್ಟೇ ಸಾಕು ಅವರಿಗೆ. ಯಾರು ಏನೇ ಹೇಳಲಿ, ಬ್ಯಾಗ್ ಹೆಗಲ ಮೇಲೇ ಇರಲಿ, ಜನ ಇರುವ ಅಂಗಡಿಯೊಳಗೆ ಹೋಗಿ ಒರೆಸಿಕೊಳ್ಳಿ. ಪಾಸ್‌ಪೋರ್ಟ್ ಮತ್ತು ರೆಸಿಡೆನ್ಸ್ ಕಾರ್ಡ್ ಎಂದಿಗೂ ಒಂದೇ ಬ್ಯಾಗಿನಲ್ಲಿ ಬೇಡ. ಹೋದರೆ ಮೊದಲು 112 ಅಥವಾ ಹತ್ತಿರದ ಪೊಲೀಸ್ ಠಾಣೆ, ದೂರಿನ ಪ್ರತಿ ಕೈಯಲ್ಲಿ ಪಡೆಯದೆ ಹೊರಬರಬೇಡಿ. ಜರ್ಮನಿಯ ಬ್ಯಾಂಕ್ ಕಾರ್ಡು, ರೆಸಿಡೆನ್ಸ್ ಕಾರ್ಡಿನ ಆನ್‌ಲೈನ್ ಗುರುತನ್ನು ತಡೆಹಿಡಿಸಲು ಹೊರದೇಶದಿಂದ +49 116 116.

ಆಮೇಲೆ ಆ ದೇಶದ ಭಾರತೀಯ ರಾಯಭಾರ ಕಚೇರಿ. ಅಲ್ಲಿ ಗಾಬರಿಯಲ್ಲಿ ಎಮರ್ಜೆನ್ಸಿ ಸರ್ಟಿಫಿಕೇಟ್ ಕೇಳಿಬಿಡಬೇಡಿ. ಅದು ಭಾರತಕ್ಕೆ ಒಂದೇ ದಿಕ್ಕಿನ ಪ್ರಯಾಣದ ಕಾಗದ, ಅದನ್ನು ಹಿಡಿದು ನಿಮ್ಮ ವಿಶ್ವವಿದ್ಯಾಲಯಕ್ಕೆ ಮರಳಲಾಗದು. ಓದು ಮುಂದುವರಿಸಬೇಕಾದವರು ಕೇಳಬೇಕಾದದ್ದು ಕಳೆದ ಪಾಸ್‌ಪೋರ್ಟಿನ ಬದಲಿಗೆ ಹೊಸ ಪಾಸ್‌ಪೋರ್ಟ್. ಹಳೆಯದರ ಮೊದಲ ಮತ್ತು ಕೊನೆಯ ಪುಟ, ವೀಸಾ ಪುಟ, ಕಾರ್ಡಿನ ಎರಡೂ ಬದಿಯ ಪ್ರತಿಗಳನ್ನು ಊರಲ್ಲಿ ಅಮ್ಮನ ಫೋನಿಗೂ ಕಳಿಸಿಟ್ಟಿರಿ. ನಿಮ್ಮ ಫೋನೂ ಅದೇ ಬ್ಯಾಗಿನಲ್ಲಿ ಹೋಗಿರಬಹುದು.