ನೀಲಿ ಪೆನ್ಸಿಲ್, ನಾಲ್ಕು ವರ್ಷದ ನಂತರ: ಅಜ್ಜಿ ಚೆನ್ನಾಗಿ ಬಂದಳು, ಇಂಕ್ ಮಾತ್ರ ಕೂರಲಿಲ್ಲ

ಮೊದಲೇ ಬೈದುಬಿಡುತ್ತೇನೆ. ಈ ತಿಳಿನೀಲಿ ಪೆನ್ಸಿಲ್ ಮೇಲೆ ಇಂಕ್ ಕೂರುವುದಿಲ್ಲ. ಸ್ವಲ್ಪ ಒತ್ತಿ ಗೀಚಿದ ಕಡೆ ನಿಬ್ ಜಾರುತ್ತದೆ, ಕೆಸುವಿನ ಎಲೆ ಮೇಲೆ ನೀರು ಬಿದ್ದ ಹಾಗೆ ಗೆರೆ ಹನಿ ಹನಿಯಾಗಿ ಒಡೆಯುತ್ತದೆ. ಇದು ಗ್ರಾಫೈಟ್ ಅಲ್ಲ, ಮೇಣದ ಜೊತೆ ಬಣ್ಣ ಕಲಸಿ ಮಾಡಿದ ಕಡ್ಡಿ, ಅದೇ ಕಾರಣ. ಡಬ್ಬಿ ಮೇಲೆ ಕಾಮಿಕ್ಸ್ ಬರೆಯುವವರಿಗೆ ಅಂತ ದೊಡ್ಡದಾಗಿ ಹಾಕಿದ್ದಾರೆ. ಕಾಮಿಕ್ಸ್‌ನವರು ಪೆನ್ಸಿಲ್ ಮೇಲೆ ಇಂಕ್ ಹಾಕುತ್ತಾರೆ ಅಂತ ಇವರಿಗೆ ಯಾರೂ ಹೇಳಲಿಲ್ವಾ?

ಒಂದು 80 ಪುಟದ ಕಥೆಗೆ ಪಾತ್ರಗಳನ್ನು ರೂಪಿಸಲು ಇದನ್ನು ಕೊಂಡೆ. ಕಥೆ ಗೆಳತಿಯದು, ಚಿತ್ರ ನಂದು. ಪುಟಕ್ಕೆ ಆರು ಚೌಕ ಅಂತಿಟ್ಟುಕೊಂಡರೂ 480 ಚೌಕ. ಮುಖ್ಯ ಪಾತ್ರ, ಬೀಗ ರಿಪೇರಿ ಮಾಡುವ ಒಬ್ಬಳು ಅಜ್ಜಿ, ಅದರಲ್ಲಿ ಮುಕ್ಕಾಲು ಪಾಲು ಚೌಕಗಳಲ್ಲಿ ಇರುತ್ತಾಳೆ. ನನ್ನ ಮೊದಲನೇ ಅಜ್ಜಿಗೆ ನೆರಿಗೆ ನೆರಿಗೆಯ ಶಾಲು, ಕನ್ನಡಕ, ಸೊಂಟದಲ್ಲಿ ಹನ್ನೊಂದು ಕೀಲಿಯ ಗೊಂಚಲು. ನೋಡೋಕೆ ಸೊಗಸು. ಆದರೆ ಆ ಹನ್ನೊಂದು ಕೀಲಿಯನ್ನು ಮುನ್ನೂರು ಸಲ ಬರೆಯಬೇಕಾದವಳು ನಾನು.

ಆ ಅಜ್ಜಿಯನ್ನು ಬರೆದದ್ದು ಕಪ್ಪು ಪೆನ್ಸಿಲ್‌ನಲ್ಲಿ. ಅದರಲ್ಲಿ ಗೆರೆ ಮೊದಲ ಸಲಕ್ಕೇ ಚೆಂದ ಕಾಣುತ್ತದೆ, ಚೆಂದ ಕಂಡಿದ್ದನ್ನು ಅಳಿಸೋಕೆ ಮನಸ್ಸು ಬರುವುದಿಲ್ಲ. ನೀಲಿಯಲ್ಲಿ ಆ ಕಾಟವೇ ಇಲ್ಲ, ಯಾಕೆಂದರೆ ಬರೆದದ್ದು ಸರಿಯಾಗಿ ಕಾಣಿಸುವುದೇ ಇಲ್ಲ! ರಾತ್ರಿ ಹಳದಿ ದೀಪದ ಕೆಳಗಂತೂ ಬರೀ ಮಬ್ಬು. ಮೊದಲ ತಿಂಗಳು ಇದಕ್ಕೇ ಶಾಪ ಹಾಕುತ್ತಿದ್ದೆ. ಆಮೇಲೆ ಗೊತ್ತಾಯಿತು, ಗೆರೆ ಕಾಣದಿದ್ದಾಗ ಕಣ್ಣು ತಾನಾಗಿಯೇ ಆಕಾರದ ಕಡೆ ಹೋಗುತ್ತದೆ.

ಈಗ ದಿನಾ ಹೀಗೆ. ಪೆನ್ಸಿಲ್ ಅನ್ನು ಬ್ಲೇಡಿನಿಂದ ಕೆತ್ತುತ್ತೇನೆ (ಶಾರ್ಪನರ್‌ಗೆ ಹಾಕಿದರೆ ಮೂರರಲ್ಲಿ ಎರಡು ಸಲ ಮೊನೆ ಒಳಗೇ ಮುರಿದು ಕೂರುತ್ತದೆ, ಒಮ್ಮೆ ನೆಲಕ್ಕೆ ಬಿದ್ದದ್ದಾದರೆ ಮುಗೀತು ಕಥೆ). ಹಾಳೆಯನ್ನು ನಾಲ್ಕು ಸಲ ಮಡಚಿ ಬಿಡಿಸಿದರೆ ಹದಿನಾರು ಮನೆ. ಒಂದೊಂದು ಮನೆಯಲ್ಲೂ ಹೆಬ್ಬೆರಳುದ್ದದ ಒಂದು ಅಜ್ಜಿ. ಕಣ್ಣು, ಮೂಗು ಏನೂ ಬೇಡ, ಸುಮ್ನೆ ಒಳಗೆಲ್ಲ ನೀಲಿ ತುಂಬಿದ ಒಂದು ನೆರಳು. ಎಲ್ಲ ಆದ ಮೇಲೆ ಇಷ್ಟವಾದ ಒಂದೋ ಎರಡೋ ನೆರಳಿನ ಸುತ್ತ ಮಾತ್ರ ಕಪ್ಪು ಗೆರೆ. ಉಳಿದದ್ದನ್ನು ಅಳಿಸುವುದಿಲ್ಲ. ಅಳಿಸಿದರೂ ಪೂರ್ತಿ ಹೋಗುವುದಿಲ್ಲ ಬಿಡಿ. ನಾನು ಎಡಗೈಯವಳು. ಕಪ್ಪು ಪೆನ್ಸಿಲ್ ಹಿಡಿದರೆ ಅಂಗೈ ಅಂಚು ಮಸಿ ಬಳಿದ ಹಾಗಾಗುತ್ತಿತ್ತು, ಇದರಲ್ಲಿ ಕೈ ಶುಭ್ರ. ಇಷ್ಟಕ್ಕೇ ಒಂದು ಸ್ಟಾರ್ ಜಾಸ್ತಿ ಕೊಡಬಹುದು.

ಪರೀಕ್ಷೆ ಮಾಡುವವನು ಅಕ್ಕನ ಮಗ, ಎಂಟು ವರ್ಷ. ನೆರಳು ತೋರಿಸಿ ಇದು ಯಾರು ಅಂತ ಕೇಳುತ್ತೇನೆ. ಶಾಲಿನ ಅಜ್ಜಿಯನ್ನು ನೋಡಿ ಒಂದು ಕ್ಷಣವೂ ಯೋಚಿಸದೆ "ಮೂಟೆ, ಚಿಕ್ಕಮ್ಮಾ" ಅಂದ. ಹೊಟ್ಟೆ ಉರಿಯಿತು, ಆದರೆ ನಿಜ. ಕಾಮಿಕ್ಸ್ ಹೀರೋ ಟಿನ್‌ಟಿನ್‌ನನ್ನೇ ನೋಡಿ, 1929ರಲ್ಲಿ ಶುರುವಾದವನು, ಕಣ್ಣು ಅಂದರೆ ಎರಡು ಚುಕ್ಕೆ, ಆದರೂ ಆ ಮೇಲೆದ್ದ ಜುಟ್ಟಿನ ನೆರಳು ಸಾಕು. ನನ್ನ ಅಜ್ಜಿಯ ಶಾಲು ಹೋಯಿತು. ಹನ್ನೊಂದು ಕೀಲಿ ಹೋಗಿ, ಬೆನ್ನಿಗೆ ಅಡ್ಡ ಕಟ್ಟಿದ ಮೊಳದುದ್ದದ ಒಂದೇ ಕೀಲಿ ಬಂತು. ದೊಡ್ಡವರನ್ನು ಸಾಮಾನ್ಯವಾಗಿ ಏಳೂವರೆ ತಲೆಯಷ್ಟು ಎತ್ತರ ಬರೆಯುತ್ತಾರಲ್ಲ, ಇವಳನ್ನು ಆರೂವರೆಯಿಂದ ಐದಕ್ಕೆ ಇಳಿಸಿದೆ, ಬೆನ್ನು ಬಾಗಿಸಿದೆ. ಈಗ ಹಿಂದಿನಿಂದ ನೋಡಿದರೂ, ಕತ್ತಲಲ್ಲಿ ನಿಂತರೂ ಅವಳೇ.

ಕಪ್ಪು ಪೆನ್ಸಿಲ್‌ನಲ್ಲಿ ಇಷ್ಟು ಕಡಿಯುವ ಧೈರ್ಯ ನನಗೆ ಬರುತ್ತಿರಲಿಲ್ಲ.

ಈ ನೀಲಿ ಯಾಕೆ ಅಂತ ಗೊತ್ತಿರುವವರು ಈ ಪ್ಯಾರಾ ಬಿಡಿ. ಹಿಂದೆ ಅಚ್ಚಿನ ಪ್ಲೇಟ್ ಮಾಡಲು ಪುಟದ ಫೋಟೋ ತೆಗೆಯುತ್ತಿದ್ದ ಫಿಲ್ಮಿಗೆ ತಿಳಿನೀಲಿಯೂ ಬಿಳಿ ಕಾಗದವೂ ಒಂದೇ. ಹಾಗಾಗಿ ಕೆಳಗಿನ ಗೆರೆ ಅಳಿಸುವ ಕೆಲಸವೇ ಇರಲಿಲ್ಲ. ಸ್ಕ್ಯಾನರ್ ಹಾಗಲ್ಲ, ಎಲ್ಲ ನೋಡುತ್ತದೆ. ಬಣ್ಣದಲ್ಲೇ ಸ್ಕ್ಯಾನ್ ಮಾಡಿ ಬ್ಲೂ ಚಾನೆಲ್ (ಕೆಂಪು, ಹಸಿರು, ನೀಲಿ ಅಂತ ಇರುವ ಮೂರು ಪದರದಲ್ಲಿ ನೀಲಿಯದು) ಒಂದನ್ನೇ ಇಟ್ಟುಕೊಳ್ಳಿ, ನೀಲಿ ಗೆರೆ ಹೆಚ್ಚುಕಡಿಮೆ ಮಾಯ. ಗ್ರೇ ಮಾಡಿ ಸ್ಕ್ಯಾನ್ ಮಾಡಿದರೆ ಬೂದಿ ಬಣ್ಣದ ಕಸ ಉಳಿದೇ ಉಳಿಯುತ್ತದೆ. ಕೆಂಪಿನಲ್ಲಿ ಗುರುತು ಹಾಕಿಕೊಳ್ಳುವ ಅಭ್ಯಾಸ ಇದ್ದರೆ ಹುಷಾರು, ಬ್ಲೂ ಚಾನೆಲ್‌ನಲ್ಲಿ ಕೆಂಪು ಕಪ್ಪಗೆ ಎದ್ದು ಕಾಣುತ್ತದೆ.

ಮೊಬೈಲ್‌ನದು ಇನ್ನೊಂದು ಗೋಳು. ಹದಿನಾರು ಅಜ್ಜಿಯರ ಹಾಳೆಯನ್ನು ಡಾಕ್ಯುಮೆಂಟ್ ಮೋಡ್‌ನಲ್ಲಿ ಫೋಟೋ ತೆಗೆದು ಗೆಳತಿಗೆ ಕಳಿಸಿದೆ. "ಖಾಲಿ ಹಾಳೆ ಕಳಿಸಿದ್ದೀಯಲ್ಲೇ, ಕೆಲಸ ಮಾಡ್ತಿದ್ದೀಯೋ ಇಲ್ವೋ?" ಅಂತ ಉತ್ತರ ಬಂತು. ಕಾಗದ ಬೆಳ್ಳಗೆ ಮಾಡುವ ಭರದಲ್ಲಿ ಫೋನು ಅಷ್ಟೂ ಅಜ್ಜಿಯರನ್ನು ತೊಳೆದುಬಿಟ್ಟಿತ್ತು.

ಇಂಕಿನ ತೊಂದರೆಗೆ ಕೊನೆಗೂ ಒಂದು ದಾರಿ ಸಿಕ್ಕಿತು, ನಾನು ಕಂಡುಹಿಡಿದದ್ದೇನಲ್ಲ, ತುಂಬಾ ಜನ ಮಾಡುವುದೇ. ನೀಲಿ ಚಿತ್ರವನ್ನು ಸ್ಕ್ಯಾನ್ ಮಾಡಿ, ಇನ್ನೂ ತಿಳಿಯಾಗಿಸಿ, ಒಳ್ಳೆಯ ದಪ್ಪ ಕಾಗದದ ಮೇಲೆ ನೀಲಿಯಲ್ಲೇ ಪ್ರಿಂಟ್ ತೆಗೆದು ಅದರ ಮೇಲೆ ಇಂಕ್ ಹಾಕುವುದು. ಮೇಣ ಇಲ್ಲ, ನಿಬ್ ಜಾರುವುದಿಲ್ಲ, ಕೆಟ್ಟರೆ ಇನ್ನೊಂದು ಪ್ರಿಂಟ್. ಹಾಗಾದರೆ ಪೆನ್ಸಿಲ್ ಕೊಳ್ಳುವವರು ಸ್ಕ್ಯಾನರ್, ಪ್ರಿಂಟರ್ ಕೂಡ ಇಟ್ಟುಕೊಳ್ಳಬೇಕಾ ಅಂತ ಕೇಳಿದರೆ, ಹೌದು, ಅದಕ್ಕೇ ಒಂದೂವರೆ ಸ್ಟಾರ್ ಕಡಿತ.

ಡಜನ್ ಡಬ್ಬಿ ಕೊಳ್ಳಬೇಡಿ, ಬಿಡಿಯಾಗಿ ಎರಡು ಸಾಕು. ಸಾದಾ ಪೆನ್ಸಿಲ್‌ಗಿಂತ ದುಬಾರಿ, ಆದರೆ ಒಂದು ನನಗೆ ಐದು ತಿಂಗಳು ಬರುತ್ತದೆ, ಕೊನೆಯ ಎರಡು ಇಂಚನ್ನು ಹಳೇ ಪೆನ್ನಿನ ಕೊಳವೆಗೆ ಸಿಕ್ಕಿಸಿ ಬರೆಯುತ್ತೇನೆ. ಮೊನ್ನೆ ಅಂಥ ತುಂಡಿನಲ್ಲೇ ಕಳ್ಳನ ಪಾತ್ರ ಶುರು ಮಾಡಿದೆ. ಅಕ್ಕನ ಮಗ ನೋಡಿ, "ಇದೂ ಮೂಟೆ" ಅಂದಿದ್ದಾನೆ.